ಬ್ಯಾಕಪ್ ಸರ್ವರ್‌ನ ಸ್ಪೂಲ್ ಡಿಸ್ಕ್: ದೊಡ್ಡದು ಹಾಕಬೇಕಾ, ವೇಗದ್ದು ಹಾಕಬೇಕಾ, ತೆಗೆದೇ ಬಿಡಬೇಕಾ?

ದಾವಣಗೆರೆ_ಸರ್ವರ್‌ರೂಮ್
ಎಲ್ಲರಿಗೂ ನಮಸ್ಕಾರ. ಒಂದು ಇಂಜಿನಿಯರಿಂಗ್ ಕಾಲೇಜಿನ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಬ್ಯಾಕಪ್‌ಗೆ ಬ್ಯಾಕುಲಾ ಅನ್ನುವ ಸಾಫ್ಟ್‌ವೇರ್ ಇದೆ, ಎಲ್‌ಟಿಒ-7 ಟೇಪ್ ಡ್ರೈವ್ ಒಂದಿದೆ. ಮೇಲ್, ಲೈಬ್ರರಿ, ಪರೀಕ್ಷಾ ವಿಭಾಗ, ಲ್ಯಾಬ್‌ಗಳ ಹೋಮ್ ಫೋಲ್ಡರ್ ಎಲ್ಲ ಸೇರಿ ಫುಲ್ ಬ್ಯಾಕಪ್ ಸುಮಾರು 9 ಟಿಬಿ. ನೆಟ್‌ವರ್ಕ್ 1 ಗಿಗಾಬಿಟ್. ಬ್ಯಾಕಪ್ ಸರ್ವರ್‌ನಲ್ಲಿ 500 ಜಿಬಿಯ ಹಳೇ ಸಾಟಾ ಹಾರ್ಡ್ ಡಿಸ್ಕ್‌ನಲ್ಲೇ ಸ್ಪೂಲ್ ಇದೆ, ಅಂದರೆ ಟೇಪ್‌ಗೆ ಹೋಗುವ ಡೇಟಾ ಮೊದಲು ಬಂದು ಸೇರುವ ಜಾಗ. ಒಂದು ಜಾಬ್‌ಗೆ (ಒಂದು ಬ್ಯಾಕಪ್ ಕೆಲಸಕ್ಕೆ) 100 ಜಿಬಿ ಮಿತಿ. ಒಂದು ಸಲಕ್ಕೆ ಒಂದೇ ಜಾಬ್ ಓಡುತ್ತದೆ.

ಶುಕ್ರವಾರ ರಾತ್ರಿ ಹತ್ತಕ್ಕೆ ಶುರುವಾದ ಫುಲ್ ಬ್ಯಾಕಪ್ ಮುಗಿಯುವುದು ಸೋಮವಾರ ರಾತ್ರಿ. ಸೋಮವಾರ ಬೆಳಗ್ಗೆ ಲ್ಯಾಬ್ ಶುರುವಾದ ಕೂಡಲೇ "ಸರ್ವರ್ ತುಂಬಾ ನಿಧಾನ" ಅಂತ ಫೋನ್ ಮೇಲೆ ಫೋನ್. ಟೇಪ್ ಡ್ರೈವ್ ಪಕ್ಕ ನಿಂತರೆ ಝುಂಯ್ ಅಂತ ಓಡುತ್ತದೆ, ಟಕ್ ಅಂತ ನಿಲ್ಲುತ್ತದೆ, ಹಿಂದಕ್ಕೆ ಸುತ್ತುತ್ತದೆ, ಮತ್ತೆ ಓಡುತ್ತದೆ. ದಿನವಿಡೀ ಇದೇ ಸದ್ದು.

ಪ್ರಿನ್ಸಿಪಾಲರು 4 ಟಿಬಿ ಹಾರ್ಡ್ ಡಿಸ್ಕ್ ತರಿಸಲು ಒಪ್ಪಿದ್ದಾರೆ. ಸ್ಪೂಲ್ ಜಾಗ ಜಾಸ್ತಿ ಆದರೆ ಸರಿಹೋಗುತ್ತದಾ? ಇಲ್ಲ, ಸ್ಪೂಲನ್ನೇ ತೆಗೆದು ನೇರ ಟೇಪ್‌ಗೆ ಬರೆಸುವುದು ಒಳ್ಳೆಯದಾ?

ಒಂದೇಮಾತು
ಎಸ್‌ಎಸ್‌ಡಿ ಹಾಕಿ. 4 ಟಿಬಿ ಹಾರ್ಡ್ ಡಿಸ್ಕ್ ಬೇಡ.

ಹುಬ್ಬಳ್ಳಿ_ಮಂದಿ
ಈ ಕಾಲದಾಗ ಟೇಪ್ ಯಾಕ್ರೀ? ಕ್ಲೌಡಿಗೆ ಹಾಕಿಬಿಡ್ರಿ. ಡಿಸ್ಕಿನ ಚಿಂತೀನೂ ಇಲ್ಲ, ಸದ್ದೂ ಇಲ್ಲ.

ಟೇಪ್‌ಲೈಬ್ರರಿ
@ಹುಬ್ಬಳ್ಳಿ_ಮಂದಿ, 9 ಟಿಬಿಯನ್ನು 100 ಎಂಬಿಪಿಎಸ್ ಲೈನ್‌ನಲ್ಲಿ ಕಳಿಸಲು ಎಂಟು ದಿನಕ್ಕಿಂತ ಜಾಸ್ತಿ ಬೇಕು. ಅದೂ ಕಾಲೇಜಿನ ಇಂಟರ್ನೆಟ್ಟನ್ನು ಬೇರೆ ಯಾರೂ ಮುಟ್ಟದಿದ್ದರೆ. ಇನ್ನೊಂದು ವಿಷಯ, ರ‍್ಯಾನ್ಸಮ್‌ವೇರ್ ಬಂದರೆ ಬೀರುವಿನಲ್ಲಿ ಬೀಗ ಹಾಕಿಟ್ಟ ಟೇಪನ್ನು ಯಾವ ವೈರಸ್ಸೂ ಮುಟ್ಟಲಾರದು. ಟೇಪ್ ಇರಲಿ.

ದಾವಣಗೆರೆಯವರೇ, ನಿಮ್ಮ ಜಾಬ್ ಲಾಗ್‌ನಲ್ಲಿ "ಡಿಸ್ಪೂಲಿಂಗ್ ಎಲಾಪ್ಸ್ಡ್ ಟೈಮ್" ಅಂತ ಒಂದು ಸಾಲು ಬರುತ್ತದೆ, ಸ್ಪೂಲ್‌ನಿಂದ ಟೇಪ್‌ಗೆ ಇಳಿಸಲು ಹಿಡಿದ ಸಮಯ ಅದು. ಪಕ್ಕದಲ್ಲೇ ಟ್ರಾನ್ಸ್‌ಫರ್ ರೇಟ್ ಇರುತ್ತದೆ. ಅದನ್ನು ಇಲ್ಲಿ ಹಾಕಿ. ಅದು ನೋಡದೆ ಯಾವ ಡಿಸ್ಕ್ ತರಬೇಕು ಅಂತ ಹೇಳುವುದು ಸುಮ್ನೆ ಊಹೆ. ಇನ್ನೊಂದು, ಬ್ಯಾಕುಲಾದ ಕ್ಯಾಟಲಾಗ್ ಡೇಟಾಬೇಸ್ (ಯಾವ ಫೈಲು ಯಾವ ಟೇಪ್‌ನಲ್ಲಿದೆ ಅನ್ನುವ ಪಟ್ಟಿ) ಯಾವ ಡಿಸ್ಕ್‌ನಲ್ಲಿದೆ?

ದಾವಣಗೆರೆ_ಸರ್ವರ್‌ರೂಮ್
ಲಾಗ್‌ನಲ್ಲಿ ಇರುವುದು ಇದು:

ಡಿಸ್ಪೂಲಿಂಗ್ ಎಲಾಪ್ಸ್ಡ್ ಟೈಮ್ = 00:27:14, ಟ್ರಾನ್ಸ್‌ಫರ್ ರೇಟ್ = 61.2 ಎಂ ಬೈಟ್ಸ್/ಸೆಕೆಂಡ್

ಪ್ರತಿ 100 ಜಿಬಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ. ಅದಕ್ಕೂ ಮುಂಚೆ ಕ್ಲೈಂಟ್‌ನಿಂದ (ಬ್ಯಾಕಪ್ ಆಗಬೇಕಾದ ಸರ್ವರ್‌ನಿಂದ) ಡೇಟಾ ತಂದು ಸ್ಪೂಲ್‌ಗೆ ತುಂಬಲು ಇಪ್ಪತ್ತೊಂದು ನಿಮಿಷ. ಕ್ಯಾಟಲಾಗ್ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸೂ ಅದೇ ಡಿಸ್ಕ್‌ನಲ್ಲಿದೆ. ಸರ್ವರ್‌ನಲ್ಲಿ ಇರುವುದೇ ಆ ಒಂದು ಡಿಸ್ಕ್.

ಟೇಪ್‌ಲೈಬ್ರರಿ
ಹಾಗಾದರೆ ನಿಮ್ಮ ಮೂರು ದಿನ ಎಲ್ಲಿ ಹೋಯಿತು ಅಂತ ಸಿಕ್ಕಿತು.

ಬ್ಯಾಕುಲಾದಲ್ಲಿ ಒಂದು ಜಾಬ್ ಸ್ಪೂಲ್ ತುಂಬುವಾಗ ಟೇಪ್ ಸುಮ್ನೆ ಕೂತಿರುತ್ತದೆ. ಮಿತಿ ಮುಟ್ಟಿದ ಮೇಲೆ ಟೇಪ್‌ಗೆ ಬರೆಯಲು ಶುರು. ಆಗ ಆ ಜಾಬ್‌ನ ಕ್ಲೈಂಟ್ ಸುಮ್ನೆ ಕೂತಿರುತ್ತದೆ. ಎರಡೂ ಒಟ್ಟಿಗೆ ನಡೆಯುವುದಿಲ್ಲ. ತುಂಬಲು 21 ನಿಮಿಷ, ಖಾಲಿ ಮಾಡಲು 27 ನಿಮಿಷ, ಒಟ್ಟು 48. 9 ಟಿಬಿ ಅಂದರೆ 100 ಜಿಬಿಯ 90 ಸುತ್ತು. 90 ಸಲ 48 ನಿಮಿಷ ಅಂದರೆ 72 ಗಂಟೆ. ಶುಕ್ರವಾರ ರಾತ್ರಿ ಹತ್ತರಿಂದ ಸೋಮವಾರ ರಾತ್ರಿ ಹತ್ತು.

ಈಗ ಡ್ರೈವಿನ ಸದ್ದಿನ ವಿಷಯ. ಎಲ್‌ಟಿಒ-7 ಸೆಕೆಂಡಿಗೆ 300 ಎಂಬಿ ಬರೆಯಬಲ್ಲದು, ಕಂಪ್ರೆಷನ್ ಲೆಕ್ಕ ಬಿಟ್ಟು. ಡೇಟಾ ನಿಧಾನವಾಗಿ ಬಂದರೆ ತಾನೂ ನಿಧಾನ ಆಗುತ್ತದೆ, ಆದರೆ ಸುಮಾರು 100 ಎಂಬಿವರೆಗೆ ಮಾತ್ರ. ಅದಕ್ಕಿಂತ ಕಡಿಮೆ ಬಂದರೆ ಟೇಪ್ ನಿಲ್ಲಲೇಬೇಕು. ಓಡುತ್ತಿರುವ ಟೇಪ್ ಹೇಳಿದ ಜಾಗದಲ್ಲೇ ನಿಲ್ಲುವುದಿಲ್ಲ, ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ. ಬಿಟ್ಟ ಜಾಗಕ್ಕೆ ವಾಪಸ್ ಬಂದು ಮತ್ತೆ ವೇಗ ಹಿಡಿಯಬೇಕು. ನೀವು ಕೇಳುತ್ತಿರುವ ಸದ್ದು ಅದೇ. ಶೂ ಶೈನಿಂಗ್ ಅಂತಾರೆ. ಸಮಯ ಹಾಳು, ಹೆಡ್ ಸವೆಯುತ್ತದೆ, ಟೇಪೂ ಸವೆಯುತ್ತದೆ.

ನಿಮ್ಮ ಡಿಸ್ಕ್ ಕೊಡುತ್ತಿರುವುದು 61. ಹಳೇ ಡಿಸ್ಕು, ಮೇಲೆ ಡೇಟಾಬೇಸ್ ಬೇರೆ ಅದರ ಹೆಡ್ಡನ್ನು ಆ ಕಡೆ ಈ ಕಡೆ ಎಳೆಯುತ್ತಿದೆ. ಇಂಥದ್ದೇ ಇನ್ನೊಂದು ಡಿಸ್ಕ್ 4 ಟಿಬಿ ಆಗಲಿ 40 ಟಿಬಿ ಆಗಲಿ, ಟೇಪ್‌ಗೆ ಬೇಕಾದ ವೇಗ ಬರದಿದ್ದರೆ ಉಪಯೋಗ ಇಲ್ಲ. ಬೆಂಗಳೂರಿನ ಮನೆಗಳ ಸಂಪ್ ಥರ ಇದು. ಕಾವೇರಿ ನೀರು ಸಣ್ಣಗೆ ಬರುತ್ತದೆ, ಸಂಪ್‌ನಲ್ಲಿ ಸೇರುತ್ತದೆ, ಆಮೇಲೆ ಮೋಟರ್ ಒಂದೇ ಸಮ ಮೇಲಕ್ಕೆ ಎತ್ತುತ್ತದೆ. ನಿಮ್ಮಲ್ಲಿ ಮೋಟರೇ ನಲ್ಲಿಗಿಂತ ಸಣ್ಣದಾಗಿದೆ.

ಕೊಲೋನ್_ಕನ್ನಡಿಗ
ಲೆಕ್ಕ ಸರಿ ಇದೆ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಎಸ್‌ಎಸ್‌ಡಿ ಹಾಕಿ ಒಂದೇ ಜಾಬ್ ಓಡಿಸಿದರೆ ಅರ್ಧ ಲಾಭ ಮಾತ್ರ. 1 ಗಿಗಾಬಿಟ್‌ನಲ್ಲಿ ಸೆಕೆಂಡಿಗೆ 110 ಎಂಬಿ ಬಂದರೆ 100 ಜಿಬಿ ತುಂಬಲು 15 ನಿಮಿಷ, 300ರಲ್ಲಿ ಖಾಲಿ ಮಾಡಲು 6 ನಿಮಿಷ. 90 ಸುತ್ತಿಗೆ ಮೂವತ್ತೊಂದೂವರೆ ಗಂಟೆ. ಭಾನುವಾರ ಬೆಳಗಿನ ಜಾವ ಮುಗಿಯುತ್ತದೆ.

ಅದೇ ನಾಲ್ಕೈದು ಜಾಬ್ ಒಟ್ಟಿಗೆ ಬಿಟ್ಟರೆ ಒಂದು ಜಾಬ್ ಟೇಪ್‌ಗೆ ಇಳಿಯುವಾಗ ಉಳಿದವು ಸ್ಪೂಲ್ ತುಂಬುತ್ತಿರುತ್ತವೆ. ನೆಟ್‌ವರ್ಕ್ ಒಂದು ಕ್ಷಣವೂ ಖಾಲಿ ಇರುವುದಿಲ್ಲ. ಆಗ 9 ಟಿಬಿ ಇಪ್ಪತ್ಮೂರು ಗಂಟೆಯೊಳಗೆ. ಶನಿವಾರ ರಾತ್ರಿ ಊಟದ ಹೊತ್ತಿಗೆ ಮುಗಿದಿರುತ್ತದೆ.

ಆದರೆ "ಮ್ಯಾಕ್ಸಿಮಮ್ ಕನ್ಕರೆಂಟ್ ಜಾಬ್ಸ್" (ಒಟ್ಟಿಗೆ ಎಷ್ಟು ಜಾಬ್ ಅನ್ನುವ ಸೆಟ್ಟಿಂಗ್) ಒಂದೇ ಕಡೆ ಬದಲಿಸಿದರೆ ಸಾಲದು. ಡೈರೆಕ್ಟರ್‌ನಲ್ಲಿ (ಜಾಬ್‌ಗಳನ್ನು ನಡೆಸುವ ಭಾಗ), ಡೈರೆಕ್ಟರ್ ಫೈಲ್‌ನೊಳಗಿನ ಸ್ಟೋರೇಜ್ ವಿಭಾಗದಲ್ಲಿ, ಸ್ಟೋರೇಜ್ ಡೀಮನ್‌ನಲ್ಲಿ (ಟೇಪ್‌ಗೆ ಬರೆಯುವ ಭಾಗ), ಎಲ್ಲ ಕಡೆ ನೋಡಬೇಕು. ಒಂದು ಕಡೆ 1 ಉಳಿದರೂ ಎಲ್ಲವೂ ಸಾಲಿನಲ್ಲಿ ಕಾಯುತ್ತವೆ. ನಾನು ಇಲ್ಲಿ ಬಳಸುವುದು ಬ್ಯಾರಿಯೋಸ್. 2010ರಲ್ಲಿ ಬ್ಯಾಕುಲಾದಿಂದಲೇ ಕವಲೊಡೆದದ್ದು. ಈ ವಿಷಯದಲ್ಲಿ ಎರಡೂ ಒಂದೇ.

ಕಡಲತೀರ
ನನಗೆ ಇದು ಒಪ್ಪಿಗೆ ಇಲ್ಲ. ಸ್ಪೂಲ್ ಯಾಕೆ ಬೇಕು? ನಾವು ಮಂಗಳೂರಿನಲ್ಲಿ ಡೇಟಾಬೇಸ್ ಡಂಪ್‌ಗಳನ್ನು 10 ಗಿಗಾಬಿಟ್ ಮೇಲೆ ನೇರ ಟೇಪ್‌ಗೆ ಬರೆಯುತ್ತೇವೆ. ಟೇಪ್ ಒಂದು ಸಲವೂ ನಿಲ್ಲುವುದಿಲ್ಲ. ಒಂದೇ ಡೇಟಾವನ್ನು ಡಿಸ್ಕ್‌ಗೆ ಬರೆದು, ಮತ್ತೆ ಓದಿ, ಮತ್ತೆ ಟೇಪ್‌ಗೆ ಬರೆಯುವುದು ದುಪ್ಪಟ್ಟು ಕೆಲಸ ಅಲ್ವಾ?

ಟೇಪ್‌ಲೈಬ್ರರಿ
ನಿಮ್ಮಲ್ಲಿ ಬೇಡ. ದೊಡ್ಡ ದೊಡ್ಡ ಫೈಲು, ವೇಗದ ಡಿಸ್ಕು, 10 ಗಿಗಾಬಿಟ್. ಅಲ್ಲಿ ಸ್ಪೂಲ್ ಅಡ್ಡಗಾಲೇ.

ಕಾಲೇಜಿನ ಕಥೆ ಬೇರೆ. ಮೇಲ್ ಸರ್ವರ್‌ನಲ್ಲಿ ಒಂದೊಂದು ಮೇಲ್‌ಗೂ ಒಂದೊಂದು ಫೈಲ್ ಇದ್ದರೆ ಲಕ್ಷಗಟ್ಟಲೆ ಸಣ್ಣ ಫೈಲು. ಒಂದೊಂದನ್ನೂ ತೆರೆದು, ಓದಿ, ಮುಚ್ಚುವಷ್ಟರಲ್ಲಿ ವೇಗ 20-30 ಎಂಬಿಗೆ ಬಿದ್ದುಬಿಡುತ್ತದೆ. ಅದನ್ನು ನೇರ ಟೇಪ್‌ಗೆ ಕೊಟ್ಟರೆ ಡ್ರೈವ್ ದಿನಪೂರ್ತಿ ಹಿಂದೆ ಮುಂದೆ ಆಡುತ್ತಿರುತ್ತದೆ. ಇನ್‌ಕ್ರಿಮೆಂಟಲ್ (ಬದಲಾದ ಫೈಲು ಮಾತ್ರ ತೆಗೆಯುವ ಬ್ಯಾಕಪ್) ಇನ್ನೂ ಕಷ್ಟ. ಬದಲಾದ ಫೈಲು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ, ಡೇಟಾ ತೊಟ್ಟು ತೊಟ್ಟಾಗಿ ಬರುತ್ತದೆ.

ಕೊಲೋನ್_ಕನ್ನಡಿಗ
ಇನ್ನೊಂದು ಕಾರಣವೂ ಇದೆ @ಕಡಲತೀರ. ಸ್ಪೂಲ್ ಇಲ್ಲದೆ ಐದು ಜಾಬ್ ಒಟ್ಟಿಗೆ ಒಂದೇ ಟೇಪ್‌ಗೆ ಬರೆದರೆ ಐದರ ಬ್ಲಾಕ್‌ಗಳೂ ಒಂದರ ಮಧ್ಯೆ ಒಂದು ಬೆರೆತು ಕೂರುತ್ತವೆ. ನಾಳೆ ಲೈಬ್ರರಿ ಸರ್ವರ್ ಒಂದನ್ನೇ ವಾಪಸ್ ತರಬೇಕು ಅಂದರೆ ಉಳಿದ ನಾಲ್ಕರ ಬ್ಲಾಕ್‌ಗಳನ್ನೂ ದಾಟಿಕೊಂಡು ಹೋಗಬೇಕು. ಸ್ಪೂಲ್ ಇದ್ದರೆ ಒಂದು ಜಾಬ್‌ನ 100 ಜಿಬಿ ಒಂದೇ ಕಡೆ ಸಾಲಾಗಿ ಬೀಳುತ್ತದೆ. ರಿಸ್ಟೋರ್ ದಿನ ಇದರ ಬೆಲೆ ಗೊತ್ತಾಗುತ್ತದೆ.

ಶೆಲ್‌ಸ್ಕ್ರಿಪ್ಟ್
ಡಿಸ್ಕೇ ಬೇಡ, ಮೆಮೊರಿ ಸಾಕು. ಎಂಬಫರ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಇದೆ. ಫೈಲುಗಳನ್ನು ಒಟ್ಟುಗೂಡಿಸುವ ಟಾರ್‌ನ ಔಟ್‌ಪುಟ್ಟನ್ನು ನೇರ ಅದಕ್ಕೆ ಹರಿಸಿ (ಪೈಪ್ ಮಾಡಿ), 8 ಜಿಬಿ ಬಫರ್ ಕೊಟ್ಟು, ಶೇ. 90 ತುಂಬಿದ ಮೇಲೆ ಬರೆಯಲು ಶುರು ಮಾಡು ಅಂತ ಹೇಳಬಹುದು. ಸಣ್ಣಪುಟ್ಟ ಏರುಪೇರು ಅಲ್ಲೇ ಸರಿಹೋಗುತ್ತದೆ.

ಟೇಪ್‌ಲೈಬ್ರರಿ
ಏರುಪೇರಿಗೆ ಸರಿ. ಸರಾಸರಿ ವೇಗವೇ ಕಡಿಮೆ ಇದ್ದರೆ? 8 ಜಿಬಿಯನ್ನು ಟೇಪ್ ಅರ್ಧ ನಿಮಿಷದೊಳಗೆ ನುಂಗುತ್ತದೆ. ಆಮೇಲೆ ಮತ್ತೆ ತುಂಬುವವರೆಗೆ ನಿಲ್ಲಬೇಕು. 100 ಜಿಬಿ ಇದ್ದರೆ ಐದಾರು ನಿಮಿಷ ಎಡೆಬಿಡದೆ ಓಡುತ್ತದೆ. ಎಷ್ಟು ಸಲ ನಿಂತು ಶುರು ಮಾಡಬೇಕು ಅನ್ನುವುದರಲ್ಲೇ ವ್ಯತ್ಯಾಸ ಇರುವುದು.

ದಾವಣಗೆರೆ_ಸರ್ವರ್‌ರೂಮ್
ತುಂಬಾ ಉಪಕಾರ ಆಯಿತು. ಎಸ್‌ಎಸ್‌ಡಿ ಅಂತ ನಿರ್ಧಾರ ಮಾಡಿದೆ. ಅಂಗಡಿಯವರು 1 ಟಿಬಿಯ ಸಾಮಾನ್ಯ ಸಾಟಾ ಎಸ್‌ಎಸ್‌ಡಿ ಸಾಕು ಅಂತಿದ್ದಾರೆ. ತರಲಾ?

ಬ್ಯಾಂಕ್‌ಬದಿ
ತಡೆಯಿರಿ. ಸವಕಳಿ ಲೆಕ್ಕ ಹಾಕಿ. ವಾರಕ್ಕೆ ಫುಲ್ 9 ಟಿಬಿ, ಜೊತೆಗೆ ಇನ್‌ಕ್ರಿಮೆಂಟಲ್ ದಿನಕ್ಕೆ 300 ಜಿಬಿ ಅಂತ ಇಟ್ಟುಕೊಳ್ಳೋಣ. ವಾರಕ್ಕೆ ಸುಮಾರು 11 ಟಿಬಿ, ವರ್ಷಕ್ಕೆ 560 ಟಿಬಿ ಮೇಲೆ. ಎಲ್ಲವೂ ಆ ಎಸ್‌ಎಸ್‌ಡಿ ಮೇಲೇ ಬರೆಯಲ್ಪಡುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಒಳ್ಳೇ 1 ಟಿಬಿ ಎಸ್‌ಎಸ್‌ಡಿಗೆ ಕೊಡುವ ಬರವಣಿಗೆ ಮಿತಿ 600 ಟಿಬಿ. ಅಂದರೆ ಐದು ವರ್ಷದ ಗ್ಯಾರಂಟಿ ಒಂದೇ ವರ್ಷಕ್ಕೆ ಮುಗಿಯುತ್ತದೆ.

ಸರ್ವರ್‌ಗೆ ಅಂತಲೇ ಬರುವ 1.92 ಟಿಬಿ ಎಸ್‌ಎಸ್‌ಡಿ ನೋಡಿ. ದಿನಕ್ಕೆ ಒಂದು ಸಲ ಪೂರ್ತಿ ಬರೆಯಬಹುದು ಅನ್ನುವ ರೇಟಿಂಗ್ ಇದ್ದರೆ ಐದು ವರ್ಷಕ್ಕೆ ಸುಮಾರು 3,500 ಟಿಬಿ ಆಯಿತು. ನಿಮಗೆ ಧಾರಾಳ. ಕ್ಯುಎಲ್‌ಸಿ ಅಂತ ಬರೆದದ್ದಂತೂ ಬೇಡವೇ ಬೇಡ. ಮೊದಲ ಕೆಲವು ಜಿಬಿ ಜೋರಾಗಿ ಬರೆದು, ಒಳಗಿನ ಕ್ಯಾಶ್ ಮುಗಿದ ಮೇಲೆ ಹಾರ್ಡ್ ಡಿಸ್ಕ್‌ಗಿಂತಲೂ ನಿಧಾನ ಆಗುವಂಥವು ಅದರಲ್ಲಿವೆ. ಸ್ಪೂಲ್‌ಗೆ ಬೇಕಾದದ್ದು ಗಂಟೆಗಟ್ಟಲೆ ಒಂದೇ ಸಮ ಬರುವ ವೇಗ.

ಒಂದೇಮಾತು
ಎರಡು ಹಾಕಿ, ರೈಡ್ 0 ಮಾಡಿ (ಎರಡಕ್ಕೂ ಡೇಟಾ ಹಂಚಿ ಬರೆಯುವುದು). ತಾತ್ಕಾಲಿಕ ಡೇಟಾ ತಾನೇ, ಹೋದರೆ ಹೋಗಲಿ.

ಅಮಾಂಡಾಪ್ರಿಯ
ಈ "ಹೋದರೆ ಹೋಗಲಿ" ಅನ್ನುವುದಕ್ಕೆ ನನ್ನ ಬಲವಾದ ವಿರೋಧ ಇದೆ. ಯಾವ ಸಾಫ್ಟ್‌ವೇರ್ ಅನ್ನುವುದನ್ನು ನೋಡದೆ ಹಾಗೆ ಹೇಳಬಾರದು.

ಬ್ಯಾಕುಲಾದಲ್ಲಿ ಸ್ಪೂಲ್ ನಿಜವಾಗಿಯೂ ತಾತ್ಕಾಲಿಕ. ಅಲ್ಲಿಂದ ರಿಸ್ಟೋರ್ ಮಾಡಲು ಆಗುವುದಿಲ್ಲ. ಡಿಸ್ಕ್ ಸತ್ತರೆ ಆ ಜಾಬ್ ಫೇಲ್ ಆಗುತ್ತದೆ, ಮತ್ತೆ ಓಡಿಸಿದರೆ ಆಯಿತು. ಮೂಲ ಡೇಟಾ ಕ್ಲೈಂಟ್‌ನಲ್ಲಿ ಇದ್ದೇ ಇರುತ್ತದೆ.

ಅಮಾಂಡಾ ಅನ್ನುವ ಇನ್ನೊಂದು ಬ್ಯಾಕಪ್ ಸಾಫ್ಟ್‌ವೇರ್‌ನ ಹೋಲ್ಡಿಂಗ್ ಡಿಸ್ಕ್ ಹಾಗಲ್ಲ. ಇಡೀ ಡಂಪ್ (ಬ್ಯಾಕಪ್ ಪ್ರತಿ) ಮೊದಲು ಅಲ್ಲಿಗೆ ಬಂದು ಪೂರ್ತಿ ಆಗುತ್ತದೆ, ಆಮೇಲೆ ಟೇಪ್‌ಗೆ ಹೋಗುತ್ತದೆ. ಟೇಪ್ ಹಾಕುವುದು ಮರೆತಿದ್ದರೆ, ಡ್ರೈವ್ ಕೆಟ್ಟಿದ್ದರೆ, ಡಂಪ್ ಹೋಲ್ಡಿಂಗ್ ಡಿಸ್ಕ್‌ನಲ್ಲೇ ಉಳಿಯುತ್ತದೆ. ಎಎಂಫ್ಲಶ್ ಕಮಾಂಡ್ ಓಡಿಸಿ ಟೇಪ್‌ಗೆ ಇಳಿಸುವವರೆಗೆ ಅದೇ ನಿಮ್ಮ ಬ್ಯಾಕಪ್. ಅಲ್ಲಿಂದ ರಿಸ್ಟೋರ್ ಕೂಡ ಮಾಡಬಹುದು. ದಸರಾ ರಜೆಯಲ್ಲಿ ಟೇಪ್ ಬದಲಿಸುವವರು ಊರಿಗೆ ಹೋಗಿರುತ್ತಾರೆ. ಅಷ್ಟೂ ದಿನದ ಬ್ಯಾಕಪ್ ಇರುವುದು ಆ ಡಿಸ್ಕ್‌ನಲ್ಲಿ ಮಾತ್ರ. ಅದನ್ನು ರೈಡ್ 0 ಮೇಲೆ ಇಟ್ಟರೆ ಎರಡರಲ್ಲಿ ಯಾವ ಡಿಸ್ಕ್ ಹೋದರೂ ಅಷ್ಟೂ ಹೋಯಿತು. ಅಮಾಂಡಾ ಇರುವಲ್ಲಿ ರೈಡ್ 1 ಹಾಕಿ, ಎರಡೂ ಡಿಸ್ಕ್‌ನಲ್ಲಿ ಒಂದೇ ಪ್ರತಿ ಇರುತ್ತದೆ.

ಬ್ಯಾಂಕ್‌ಬದಿ
ಸರಿಯಾಗಿ ಹೇಳಿದಿರಿ. ಐಬಿಎಂನ ಟಿಎಸ್ಎಂ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್, ಆಮೇಲೆ ಸ್ಪೆಕ್ಟ್ರಮ್ ಪ್ರೊಟೆಕ್ಟ್ ಆಗಿ 2023ರಿಂದ ಸ್ಟೋರೇಜ್ ಪ್ರೊಟೆಕ್ಟ್ ಆಗಿರುವುದು, ಅದರಲ್ಲೂ ಹಾಗೇ. ಡಿಸ್ಕ್ ಪೂಲ್‌ಗೆ ಬಂದದ್ದು ಪೂರ್ತಿ ಬ್ಯಾಕಪ್ಪೇ. ಪೂಲ್ ಶೇ. 90 ತುಂಬಿದಾಗ ಟೇಪ್‌ಗೆ ಸಾಗಿಸಲು ಶುರು ಮಾಡಿ ಶೇ. 70ಕ್ಕೆ ಇಳಿದಾಗ ನಿಲ್ಲಿಸುತ್ತದೆ, ನಾವು ಬದಲಿಸದಿದ್ದರೆ. ನೆಟ್‌ಬ್ಯಾಕಪ್ ಅನ್ನುವ ಇನ್ನೊಂದರ ಡಿಸ್ಕ್ ಸ್ಟೇಜಿಂಗ್‌ನಲ್ಲಿ (ಮೊದಲು ಡಿಸ್ಕ್, ಆಮೇಲೆ ಟೇಪ್) ಈ ಅಂಕಿ 98 ಮತ್ತು 80, ಆದರೆ ಅಲ್ಲಿ ಅದು ಟೇಪ್‌ಗೆ ಹೋದ ಪ್ರತಿಗಳನ್ನು ಡಿಸ್ಕ್‌ನಿಂದ ಅಳಿಸುವ ಲೆಕ್ಕ. ಟೇಪ್‌ಗೆ ಹೋದ ಮೇಲೂ ಜಾಗ ಬೇಕಾಗುವವರೆಗೆ ಡಿಸ್ಕ್‌ನ ಪ್ರತಿ ಹಾಗೇ ಉಳಿಯುತ್ತದೆ. ನಿನ್ನೆ ಅಳಿಸಿದ ಫೈಲನ್ನು ವಾಪಸ್ ಕೇಳಿದರೆ ಟೇಪ್ ಹುಡುಕದೆ ಕೊಡಬಹುದು. ಬ್ಯಾಂಕ್ ಶಾಖೆಗಳಿಂದ ಬರುವ ರಿಸ್ಟೋರ್ ಕೋರಿಕೆಗಳಲ್ಲಿ ಹೆಚ್ಚಿನವು ನಿನ್ನೆ ಮೊನ್ನೆಯವೇ. ಇಲ್ಲಿ ಡಿಸ್ಕ್ ದೊಡ್ಡದಿದ್ದಷ್ಟೂ ಒಳ್ಳೆಯದು.

ಹಾಗಾಗಿ "ದೊಡ್ಡದಾ, ವೇಗದ್ದಾ" ಅನ್ನುವ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಬ್ಯಾಕುಲಾಗೆ ವೇಗ. ಟಿಎಸ್ಎಂ ಥರದ್ದಕ್ಕೆ ಜಾಗ. ಅಮಾಂಡಾಗೆ ಎರಡೂ.

ಗೂಢಲಿಪಿ
ಯಾರೂ ಕೇಳದ ಒಂದು ಪ್ರಶ್ನೆ. ಆ ಸ್ಪೂಲ್ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯಾ, ಅಂದರೆ ಕೀ ಇಲ್ಲದೆ ಯಾರೂ ಓದಲಾಗದ ಹಾಗೆ?

ಟೇಪ್ ಎನ್‌ಕ್ರಿಪ್ಟ್ ಆಗಿದೆ ಅಂತ ಎಷ್ಟೋ ಜನ ನಿಶ್ಚಿಂತರಾಗಿರುತ್ತಾರೆ. ಎಲ್‌ಟಿಒ ಡ್ರೈವ್‌ನ ಎನ್‌ಕ್ರಿಪ್ಷನ್ ನಡೆಯುವುದು ಡ್ರೈವ್‌ನ ಒಳಗೆ. ಅದಕ್ಕಿಂತ ಮುಂಚಿನ ನಿಲ್ದಾಣವಾದ ಸ್ಪೂಲ್ ಡಿಸ್ಕ್‌ನಲ್ಲಿ ಎಲ್ಲವೂ ಬಿಚ್ಚಿಟ್ಟ ಹಾಗೇ ಇರುತ್ತದೆ. ಪರೀಕ್ಷಾ ವಿಭಾಗದ ಅಂಕಪಟ್ಟಿ, ವಿದ್ಯಾರ್ಥಿಗಳ ಆಧಾರ್ ಪ್ರತಿ, ಸಂಬಳದ ಫೈಲು, ಎಲ್ಲ. ಸ್ಪೂಲ್ ಫೈಲ್ ಅಳಿಸಿದರೂ ಹಾರ್ಡ್ ಡಿಸ್ಕ್‌ನಲ್ಲಿ ಬಿಟ್‌ಗಳು ಉಳಿದೇ ಇರುತ್ತವೆ. ಆ 500 ಜಿಬಿ ಹಳೇ ಡಿಸ್ಕನ್ನು ಈಗ ತೆಗೆದು ಏನು ಮಾಡುತ್ತೀರಿ? ಗುಜರಿಗೆ ಹಾಕಿದರೆ ಕಾಲೇಜಿನ ಡೇಟಾ ಗುಜರಿಗೆ ಹೋದ ಹಾಗೆ. ಗ್ಯಾರಂಟಿಯಲ್ಲಿ ಬದಲಿಸಿಕೊಳ್ಳಲು ಕೊಟ್ಟರೂ ಅಷ್ಟೇ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಇದನ್ನು ಹಗುರವಾಗಿ ನೋಡುವವರಿದ್ದಾರೆ. ನನಗೆ ಸಂಕಟ ಆಗುತ್ತದೆ.

ಲಿನಕ್ಸ್‌ನಲ್ಲಿ ಇದು ಸುಲಭ. ಬ್ಯಾಕುಲಾದ ಸ್ಪೂಲ್‌ಗೆ ಕ್ರಿಪ್ಟ್‌ಟ್ಯಾಬ್ ಅನ್ನುವ ಸೆಟ್ಟಿಂಗ್ ಫೈಲ್‌ನಲ್ಲಿ ಪ್ರತಿ ಬೂಟ್‌ಗೂ ಹೊಸ ರ‍್ಯಾಂಡಮ್ ಕೀ ಕೊಡಬಹುದು. ಸರ್ವರ್ ಆಫ್ ಆದ ಕ್ಷಣ ಅದರಲ್ಲಿದ್ದದ್ದನ್ನು ಯಾರೂ ಓದಲಾರರು. ಪಾಸ್‌ವರ್ಡ್ ನೆನಪಿಡುವ ಗೋಜೂ ಇಲ್ಲ.

ಅಮಾಂಡಾಪ್ರಿಯ
@ಗೂಢಲಿಪಿ ಮೇಡಂ, ಒಳ್ಳೇ ಮಾತು. ಆದರೆ ಈ ರ‍್ಯಾಂಡಮ್ ಕೀ ಉಪಾಯ ಅಮಾಂಡಾಗೆ ಬೇಡ ಅಂತ ದೊಡ್ಡದಾಗಿ ಬರೆಯಿರಿ. ರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ, ಬೆಳಗ್ಗೆ ಹೋಲ್ಡಿಂಗ್ ಡಿಸ್ಕ್‌ನಲ್ಲಿದ್ದ ಬ್ಯಾಕಪ್‌ಗಳು ಯಾರಿಗೂ ಸಿಗುವುದಿಲ್ಲ. ಅಲ್ಲಿ ಖಾಯಂ ಕೀ ಇರುವ ಲಕ್ಸ್ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಬೇಕು.

ಗೂಢಲಿಪಿ
ಖಂಡಿತ. ಟಿಎಸ್ಎಂ, ನೆಟ್‌ಬ್ಯಾಕಪ್‌ಗೂ ಅದೇ ಮಾತು. ರೀಬೂಟ್ ಆದ ಮೇಲೆ ಆ ಡೇಟಾ ಬೇಕು ಅಂದರೆ ಖಾಯಂ ಕೀ.

ಲೆಕ್ಕದಮನೆ
ನಾವು ಅಕೌಂಟಿಂಗ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇವೆ. 2022ರ ಆಗಸ್ಟ್‌ನಲ್ಲಿ ಕಂಪನಿಗಳ ಲೆಕ್ಕಪತ್ರ ನಿಯಮ ಬದಲಾಯಿತು. ಕಂಪ್ಯೂಟರ್‌ನಲ್ಲಿ ಇಡುವ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲೇ ಇರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕು. ಮೊದಲು "ನಿಯತಕಾಲಿಕವಾಗಿ" ಅಂತ ಇತ್ತು. ಅಲ್ಲಿಂದ ನಮಗೆ ಬ್ಯಾಕಪ್‌ಗೆ ರಾತ್ರಿ ಸಿಗುವ ಹೊತ್ತು ತುಂಬಾ ಕಡಿಮೆಯಾಗಿದೆ. ಕ್ಲೈಂಟ್ ಸರ್ವರ್‌ಗಳನ್ನು ಬೇಗ ಬಿಟ್ಟುಕೊಡಬೇಕು, ಅದಕ್ಕೇ ಮೊದಲು ಡಿಸ್ಕ್‌ಗೆ ಇಳಿಸಿಕೊಂಡು ಟೇಪ್ ಕೆಲಸವನ್ನು ಹಗಲಿಗೆ ಇಟ್ಟಿದ್ದೇವೆ. ಸ್ಟೇಜಿಂಗ್‌ನ ಈ ಲಾಭವನ್ನು ಇಲ್ಲಿ ಯಾರೂ ಹೇಳಲಿಲ್ಲ.

ಕೊಲೋನ್_ಕನ್ನಡಿಗ
ಆ ಲಾಭ ಬ್ಯಾಕುಲಾದ ಸ್ಪೂಲ್‌ನಿಂದ ಸಿಗದು. ಟೇಪ್‌ಗೆ ಇಳಿದ ಮೇಲೇ ಜಾಬ್ ಮುಗಿಯುವುದು. ನಿಮ್ಮ ಥರ ಬೇಕಾದರೆ ಬ್ಯಾಕುಲಾದಲ್ಲಿ ಡಿಸ್ಕ್ ವಾಲ್ಯೂಮ್‌ಗೆ ಬ್ಯಾಕಪ್ ಮಾಡಿ ಆಮೇಲೆ ಮೈಗ್ರೇಷನ್ ಜಾಬ್ (ಟೇಪ್‌ಗೆ ಸಾಗಿಸುವುದು) ಅಥವಾ ಕಾಪಿ ಜಾಬ್ (ಟೇಪ್‌ಗೆ ನಕಲು ಮಾಡುವುದು) ಓಡಿಸಬೇಕು. ಎರಡನ್ನೂ ಒಂದೇ ಅಂದುಕೊಂಡು ಡಿಸ್ಕ್ ಖರೀದಿ ಮಾಡುವವರಿದ್ದಾರೆ, ಅದಕ್ಕೇ ಹೇಳಿದೆ.

ದಾವಣಗೆರೆ_ಸರ್ವರ್‌ರೂಮ್
1.92 ಟಿಬಿ ಎಸ್‌ಎಸ್‌ಡಿ ಬಂತು. ಡೇಟಾಬೇಸ್ ಹಳೇ ಡಿಸ್ಕ್‌ನಲ್ಲೇ ಇದೆ, ಸ್ಪೂಲ್ ಮಾತ್ರ ಹೊಸದರಲ್ಲಿ. ಐದು ಜಾಬ್ ಒಟ್ಟಿಗೆ, ಒಂದೊಂದಕ್ಕೆ 250 ಜಿಬಿ. ಈಗ ಲಾಗ್‌ನಲ್ಲಿ ಡಿಸ್ಪೂಲಿಂಗ್ 280ರ ಮೇಲೆ ತೋರಿಸುತ್ತಿದೆ. ಟೇಪ್ ಒಂದೇ ಸಮ ಓಡುತ್ತಿದೆ, ಕೇಳಲು ಖುಷಿ ಆಗುತ್ತದೆ. ಶನಿವಾರ ರಾತ್ರಿ ಹತ್ತೂವರೆಗೆ ಮುಗಿಯಿತು. ಗೂಢಲಿಪಿ ಮೇಡಂ ಹೇಳಿದ ಹಾಗೆ ಎನ್‌ಕ್ರಿಪ್ಟ್ ಕೂಡ ಮಾಡಿದ್ದೇನೆ.

ಒಂದು ಸಂಶಯ. ಹೊಸ ಡಿಸ್ಕ್‌ನಲ್ಲಿ ಜಾಗ ಲೆಕ್ಕಕ್ಕಿಂತ ಕಡಿಮೆ ತೋರಿಸುತ್ತಿದೆ. ಇಎಕ್ಸ್‌ಟಿ4 ಫೈಲ್ ಸಿಸ್ಟಂ ಹಾಕಿದ್ದೇನೆ.

ಶೆಲ್‌ಸ್ಕ್ರಿಪ್ಟ್
ಇಎಕ್ಸ್‌ಟಿ4 ತನ್ನಷ್ಟಕ್ಕೆ ಶೇ. 5 ಜಾಗವನ್ನು ರೂಟ್‌ಗೆ (ಅಡ್ಮಿನ್ ಖಾತೆಗೆ) ಅಂತ ಮೀಸಲಿಡುತ್ತದೆ. ನಿಮ್ಮಲ್ಲಿ ಸುಮಾರು 96 ಜಿಬಿ. ಸಿಸ್ಟಂ ಪಾರ್ಟಿಷನ್‌ಗೆ ಅದು ಬೇಕು, ಸ್ಪೂಲ್‌ಗೆ ಬೇಡ. ಟ್ಯೂನ್2ಎಫ್‌ಎಸ್ ಕಮಾಂಡ್‌ಗೆ ಮೈನಸ್ ಎಂ 0 ಅಂತ ಕೊಡಿ, ವಾಪಸ್ ಬರುತ್ತದೆ.

ಇನ್ನೊಂದು ವಿಷಯ ಈಗಲೇ ತಿಳಿದಿರಲಿ. ಸ್ಟೋರೇಜ್ ಡೀಮನ್ ಅರ್ಧದಲ್ಲಿ ಸತ್ತರೆ ಸ್ಪೂಲ್ ಫೈಲುಗಳು ಹಾಗೇ ಉಳಿಯುತ್ತವೆ, ನಾವೇ ತೆಗೆಯಬೇಕು. ಆದರೆ ಓಡುತ್ತಿರುವ ಜಾಬ್‌ನ ಫೈಲ್ ಅಳಿಸಿದರೆ ಜಾಗ ಬಿಡುಗಡೆ ಆಗುವುದಿಲ್ಲ. ಡಿಸ್ಕಿನ ಜಾಗ ತೋರಿಸುವ ಡಿಎಫ್ ಕಮಾಂಡ್ ತುಂಬಿದೆ ಅನ್ನುತ್ತದೆ, ಫೈಲುಗಳ ಗಾತ್ರ ಕೂಡುವ ಡಿಯು ಖಾಲಿ ಅನ್ನುತ್ತದೆ. ಫೈಲನ್ನು ಡೀಮನ್ ಇನ್ನೂ ಹಿಡಿದುಕೊಂಡಿರುವುದೇ ಅದಕ್ಕೆ ಕಾರಣ. ಎಲ್‌ಎಸ್‌ಒಎಫ್ ಕಮಾಂಡ್‌ಗೆ ಪ್ಲಸ್ ಎಲ್1 ಕೊಟ್ಟರೆ ಯಾರು ಹಿಡಿದಿದ್ದಾರೆ ಅಂತ ಕಾಣುತ್ತದೆ.

ಹುಬ್ಬಳ್ಳಿ_ಮಂದಿ
ಹತ್ತು ದಿನಕ್ಕಿಂತ ಹಳೇ ಸ್ಪೂಲ್ ಫೈಲ್ ತಾನಾಗೇ ಅಳಿಸೋ ಒಂದ್ ಸ್ಕ್ರಿಪ್ಟ್ ಬರೆದು, ಹೊತ್ತಿಗೆ ಸರಿಯಾಗಿ ಓಡಿಸೋ ಕ್ರಾನ್‌ಗೆ ಹಾಕ್ರಿ. ದಿನಾ ನೋಡೋ ತಾಪತ್ರಯ ಇಲ್ಲ.

ಬ್ಯಾಂಕ್‌ಬದಿ
ಆ ಸ್ಕ್ರಿಪ್ಟ್ ಬಗ್ಗೆ ಬಹಳ ಎಚ್ಚರ ಬೇಕು. 2021ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್‌ನಲ್ಲಿ ಸುಮಾರು 77 ಟಿಬಿ ಸಂಶೋಧನಾ ಡೇಟಾ ಅಳಿಸಿಹೋಯಿತು. ಮೂರು ಕೋಟಿಗೂ ಹೆಚ್ಚು ಫೈಲು, 14 ತಂಡಗಳದ್ದು. ಕೆಲವು ತಂಡಗಳ ಡೇಟಾ ವಾಪಸ್ ಬರಲೇ ಇಲ್ಲ. ಕಾರಣ ಏನು? ಹತ್ತು ದಿನ ದಾಟಿದ ಲಾಗ್ ಫೈಲುಗಳನ್ನು ಅಳಿಸುವ ಬ್ಯಾಕಪ್ ಸ್ಕ್ರಿಪ್ಟ್. ನೀವು ಹೇಳಿದಂಥದ್ದೇ. ಅದು ಓಡುತ್ತಿರುವಾಗಲೇ ಸರಬರಾಜುದಾರ ಕಂಪನಿಯವರು ಅದರ ಹೊಸ ಆವೃತ್ತಿಯನ್ನು ಅದೇ ಹೆಸರಿನಲ್ಲಿ ಮೇಲೆ ಬರೆದರು. ಸ್ಕ್ರಿಪ್ಟ್ ಓಡಿಸುವ ಬ್ಯಾಶ್ ಪ್ರೋಗ್ರಾಂ ಅದನ್ನು ಒಂದೇ ಸಲ ಪೂರ್ತಿ ಓದಿಟ್ಟುಕೊಳ್ಳುವುದಿಲ್ಲ, ಓಡುತ್ತಾ ಓಡುತ್ತಾ ಓದುತ್ತದೆ. ಹಾಗಾಗಿ ನಡುವಿನಿಂದ ಹೊಸದನ್ನು ಓದಿತು. ಫೋಲ್ಡರ್ ಹೆಸರು ಇರಬೇಕಾದ ವೇರಿಯಬಲ್ ಖಾಲಿ ಇತ್ತು. ಲಾಗ್ ಫೋಲ್ಡರ್ ಬದಲು ಡೇಟಾ ಇದ್ದ ಕಡೆಯೇ ಅಳಿಸುತ್ತಾ ಹೋಯಿತು. ಕಂಪನಿಯೇ ತನ್ನ ಜವಾಬ್ದಾರಿ ಅಂತ ಒಪ್ಪಿಕೊಂಡು ವರದಿ ಕೊಟ್ಟಿದೆ.

ಶೆಲ್‌ಸ್ಕ್ರಿಪ್ಟ್
ಅದಕ್ಕೇ ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಸೆಟ್ ಮೈನಸ್ ಯು ಇರಬೇಕು. ವೇರಿಯಬಲ್‌ಗೆ ಬೆಲೆಯೇ ಕೊಟ್ಟಿಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಬದಲಿಸುವಾಗ ಹೊಸ ಫೈಲನ್ನು ಬೇರೆ ಹೆಸರಿನಲ್ಲಿ ಬರೆದು ಆಮೇಲೆ ಎಂವಿ ಕಮಾಂಡ್‌ನಿಂದ ಹಳೇ ಹೆಸರಿಗೆ ಬದಲಿಸಿ. ಓಡುತ್ತಿರುವುದು ಹಳೇ ಫೈಲನ್ನೇ ಹಿಡಿದುಕೊಂಡು ಮುಗಿಸುತ್ತದೆ. ಸ್ಪೂಲ್‌ಗೆ ಬೇರೆ ಪಾರ್ಟಿಷನ್ ಇದ್ದರೆ ಫೈಲು ಹುಡುಕುವ ಫೈಂಡ್ ಕಮಾಂಡ್‌ಗೆ ಎಕ್ಸ್‌ಡೆವ್ ಕೊಡಿ, ಆ ಪಾರ್ಟಿಷನ್ ದಾಟಿ ಹೋಗುವುದಿಲ್ಲ.

ಅಮಾಂಡಾಪ್ರಿಯ
ಬೇರೆ ಪಾರ್ಟಿಷನ್ ಅಂದಿರಲ್ಲ, ಅದು ಬ್ಯಾಕುಲಾದಲ್ಲೂ ಮುಖ್ಯ. ಸ್ಪೂಲ್ ಡೈರೆಕ್ಟರಿ ಅಂತ ಏನೂ ಕೊಡದಿದ್ದರೆ ಅದು ತನ್ನ ವರ್ಕಿಂಗ್ ಡೈರೆಕ್ಟರಿಯಲ್ಲೇ ಸ್ಪೂಲ್ ಮಾಡುತ್ತದೆ. ಅದು ರೂಟ್ ಪಾರ್ಟಿಷನ್ನಿನಲ್ಲಿದ್ದರೆ ಒಂದು ರಾತ್ರಿಯಲ್ಲಿ ತುಂಬಿ ಪೋಸ್ಟ್‌ಗ್ರೆಸ್ಸನ್ನೂ ಮಲಗಿಸುತ್ತದೆ.

ಕಡಲತೀರ
ನಮ್ಮ ಇನ್ನೊಂದು ಕಚೇರಿಯಲ್ಲಿ ಅಮಾಂಡಾ ಇದೆ. ಹಬ್ಬದ ರಜೆಯ ನಂತರ ನೋಡಿದರೆ ಹೋಲ್ಡಿಂಗ್ ಡಿಸ್ಕ್‌ನಲ್ಲಿ ಬರೀ ಇನ್‌ಕ್ರಿಮೆಂಟಲ್ ಇದ್ದವು. ಫುಲ್ ಒಂದೂ ಇಲ್ಲ. ಜಾಗ 3 ಟಿಬಿ ಖಾಲಿಯೇ ಇತ್ತು. ಯಾಕೆ ಹೀಗೆ?

ಅಮಾಂಡಾಪ್ರಿಯ
ಅಮಾಂಡಾದ ಸೆಟ್ಟಿಂಗ್ ಫೈಲ್‌ನಲ್ಲಿ ರಿಸರ್ವ್ ಅಂತ ಒಂದಿದೆ. ನೀವು ಏನೂ ಬರೆಯದಿದ್ದರೆ ಅದು 100. ಟೇಪ್ ಸಿಗದಿದ್ದಾಗ ಹೋಲ್ಡಿಂಗ್ ಡಿಸ್ಕ್‌ನ ಎಷ್ಟು ಪಾಲು ಇನ್‌ಕ್ರಿಮೆಂಟಲ್‌ಗೆ ಮಾತ್ರ ಮೀಸಲು ಅನ್ನುವ ಲೆಕ್ಕ ಅದು. 100 ಅಂದರೆ ಪೂರ್ತಿ. ಅದಕ್ಕೇ ಫುಲ್‌ಗೆ ಜಾಗ ಕೊಡಲಿಲ್ಲ. 30ಕ್ಕೆ ಇಳಿಸಿ, ರಜೆಯಲ್ಲೂ ಫುಲ್ ಆಗುತ್ತದೆ. ಜೊತೆಗೆ ಆಟೋಫ್ಲಶ್ ಹಾಕಿ. ರಜೆ ಮುಗಿಸಿ ಬಂದು ಟೇಪ್ ಹಾಕಿದ ರಾತ್ರಿ ಹಳೆಯದೂ ತಾನಾಗೇ ಟೇಪ್‌ಗೆ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಎಂಚೆಕ್ ಮೈನಸ್ ಎಂ ಕ್ರಾನ್‌ನಲ್ಲಿ ಇದ್ದರೆ, ಟೇಪ್ ಇಲ್ಲ ಅಂತಲೋ ಜಾಗ ಕಡಿಮೆ ಅಂತಲೋ ಮೇಲ್ ಬರುತ್ತದೆ. ಸಂಜೆ ಮನೆಗೆ ಹೊರಡುವ ಮುಂಚೆ ಸರಿಮಾಡಬಹುದು.

ಕಡಲತೀರ
ರಿಸರ್ವ್ 30 ಮಾಡಿದೆ. ಇನ್ನೊಂದು ಪ್ರಶ್ನೆ. ಯಾರೋ ಹಿಂದೆ ಇದ್ದವರು ಚಂಕ್‌ಸೈಜ್ 1 ಜಿಬಿ ಅಂತ ಇಟ್ಟಿದ್ದಾರೆ. ಒಂದು ಡಂಪ್ ನೂರಾರು ತುಂಡಾಗಿ ಕೂತಿದೆ. ಒಂದೇ ದೊಡ್ಡ ಫೈಲ್ ಮಾಡಿದರೆ ವೇಗ ಬರುತ್ತದಾ?

ಅಮಾಂಡಾಪ್ರಿಯ
ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. 2 ಜಿಬಿಗಿಂತ ದೊಡ್ಡ ಫೈಲ್ ಇಡಲಾಗದ ಫೈಲ್ ಸಿಸ್ಟಂಗಳಿದ್ದ ಕಾಲದ ಏರ್ಪಾಡು ಅದು. ಟೇಪ್‌ಗೆ ಹೋಗುವಾಗ ತುಂಡುಗಳನ್ನು ಜೋಡಿಸಿಯೇ ಬರೆಯುತ್ತದೆ. ಆದರೆ ತೆಗೆಯಬೇಡಿ. ಎರಡು ಹೋಲ್ಡಿಂಗ್ ಡಿಸ್ಕ್ ಕೊಟ್ಟರೆ ಒಂದು ತುಂಬಿದ ಮೇಲೆ ಅದೇ ಡಂಪ್‌ನ ಉಳಿದ ತುಂಡುಗಳು ಇನ್ನೊಂದಕ್ಕೆ ಹೋಗುತ್ತವೆ. ಒಂದೇ ಫೈಲ್ ಆದರೆ ಆ ಅನುಕೂಲ ಇಲ್ಲ. ನಿಮ್ಮಲ್ಲಿ ಖಾಲಿ ಇರುವ ಇನ್ನೊಂದು ಡಿಸ್ಕ್ ಇದ್ದರೆ ಅದನ್ನೂ ಸೇರಿಸಿ. ಯೂಸ್ ಅನ್ನುವ ಕಡೆ ಮೈನಸ್ 10 ಜಿಬಿ ಅಂತ ಕೊಡಿ. ಆಗ 10 ಜಿಬಿ ಮಾತ್ರ ಬಿಟ್ಟು ಉಳಿದ ಜಾಗವನ್ನೆಲ್ಲ ಬಳಸಿಕೊಳ್ಳುತ್ತದೆ.